ಋಣವೂ ದೇಶಾಂತರವೂ

ಸಾಲಮಾಡಿದವನು ದೇಶವನ್ನು ಬಿಟ್ಟುಹೋದರೆ ಆ ಸಾಲವು ಏನಾಗತಕ್ಕದ್ದು? ಈ ಪ್ರಶ್ನೆಯು ನಮ್ಮ ಸ್ಮೃತಿಕಾರರಿಗೆ ಅಪರಿಚಿತವಾಗಿರಲಿಲ್ಲ. ಕಾಡುದಾರಿಯನ್ನು ಹಿಡಿದ ವರ್ತಕನನ್ನೂ ಹಡಗನ್ನೇರಿದವನನ್ನೂ, ಹೋಗಿ ಬರುವೆನೆಂದು ಹೇಳಿ ಬಾರದೆಯೇ ಉಳಿದವನನ್ನೂ ಅವರು ಚೆನ್ನಾಗಿ ಬಲ್ಲವರಾಗಿದ್ದರು. ಕಾಂತಾರವನ್ನು ದಾಟಿ ವ್ಯಾಪಾರಮಾಡುವವನು ತಿಂಗಳಿಗೆ ನೂರಕ್ಕೆ ಹತ್ತರಂತೆಯೂ, ಸಮುದ್ರಯಾನ ಮಾಡುವವನು ನೂರಕ್ಕೆ ಇಪ್ಪತ್ತರಂತೆಯೂ ಬಡ್ಡಿಯನ್ನು ತೆರಬೇಕೆಂದು ಯಾಜ್ಞವಲ್ಕ್ಯನು ವಿಧಿಸಿರುವುದು ಲೋಭದಿಂದಲ್ಲ. ಮೂಲಧನವೇ ಮುಳುಗಿಹೋದೀತೆಂಬ ಶಂಕೆಯಿಂದ. ತಂದೆಯು ದೇಶಾಂತರಕ್ಕೆ ಹೋಗಿರಲಿ, ಮೃತನಾಗಿರಲಿ, ತೀರದ ಆಪತ್ತಿನಲ್ಲಿ ಬಿದ್ದಿರಲಿ, ಅವನ ಋಣವನ್ನು ಮಗನೂ ಮೊಮ್ಮಗನೂ ತೀರಿಸಬೇಕೆಂಬುದು ಆತನ ಮತ್ತೊಂದು ವಿಧಿ. ಹೆಂಡ, ಜೂಜು, ಸ್ತ್ರೀವ್ಯಸನ ಇವುಗಳಿಗಾಗಿ ಮಾಡಿದ ಸಾಲಕ್ಕೆ ಮಾತ್ರ ಮಗನು ಹೊಣೆಯಲ್ಲ. ನಾರದನು ಇನ್ನೂ ಸ್ವಲ್ಪ ಕನಿಕರವುಳ್ಳವನು. ಪರದೇಶಕ್ಕೆ ಹೋದ ತಂದೆಯ ಸಾಲವನ್ನು ಇಪ್ಪತ್ತು ವರ್ಷಗಳು ಕಳೆಯುವವರೆಗೆ ಮಗನಿಂದ ಕೇಳಕೂಡದೆಂದು ಅವನು ಹೇಳಿದನು.

ಈ ವಿಧಿಗಳಿಗೆ ವಿಸ್ತಾರವಾಗಿ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ಕ್ಕೂ 1126ಕ್ಕೂ ನಡುವೆ, ಅವನು ರಚಿಸಿದ 'ಮಿತಾಕ್ಷರಾ'ವನ್ನು ಆಂಗ್ಲರ ನ್ಯಾಯಾಸ್ಥಾನಗಳೂ ಪ್ರಮಾಣವಾಗಿ ಸ್ವೀಕರಿಸಿದುವು. ಪಿತೃಋಣವನ್ನು ಮಗನು ತೀರಿಸುವುದು ಧರ್ಮವೆಂಬ ಒಂದೇ ಆಧಾರದ ಮೇಲೆ ಮಗನ ಮೇಲೆ ದಾವೆ ಹೂಡುವ ಹಕ್ಕು ಭಾರತದಲ್ಲಿ 2005ರ ತಿದ್ದುಪಡಿಯಿಂದ ಮುಂದಿನ ಸಾಲಗಳ ಮಟ್ಟಿಗೆ ನಿಂತುಹೋಯಿತು. ಅದುವರೆಗೆ ಮನುಷ್ಯನು ಹೋದರೂ ಋಣವು ಮನೆಯ ಹೊಸ್ತಿಲಲ್ಲಿಯೇ ಕುಳಿತಿರುತ್ತಿದ್ದಿತು.

ಇದಕ್ಕೆ ನೇರವಾಗಿ ವಿರುದ್ಧವಾದ ವಿಧಿಯನ್ನು ಮಾಡಿ, ಹೊಳೆಯನ್ನು ದಾಟಿ ಬಂದವನ ಹಿಂದಿನ ಸಾಲವನ್ನು ಇಲ್ಲಿ ಯಾರೂ ಕೇಳಕೂಡದೆಂದು ಶಾಸನದಲ್ಲಿಯೇ ಬರೆಯಿಸಿದ ಒಂದು ಸೀಮೆಯ ಕಥೆಯು ಹತ್ತೊಂಬತ್ತನೆಯ ಶತಮಾನದ ಇತಿಹಾಸದಲ್ಲಿದೆ. ಆ ಸೀಮೆ ಟೆಕ್ಸಾಸ್. ಅಂದು ಅದು ಮೆಕ್ಸಿಕೋ ದೇಶದ ಭಾಗ. ಹೊಳೆಯ ಹೆಸರು ಸಬೀನ್. 1819ರ ಒಪ್ಪಂದದಂತೆ ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೂ ಸ್ಪೇನಿನ ರಾಜ್ಯಕ್ಕೂ ಅದೇ ಗಡಿಯಾಗಿದ್ದಿತು. ಸ್ಪೇನಿನ ಕೈತಪ್ಪಿ ಮೆಕ್ಸಿಕೋ ಸ್ವತಂತ್ರವಾದ ಮೇಲೂ ಅದೇ ಗಡಿಯಾಗಿ ಉಳಿಯಿತು.

ಅದೇ 1819ನೆಯ ವರ್ಷದಲ್ಲಿ ಸಂಯುಕ್ತ ಸಂಸ್ಥಾನದ ವ್ಯಾಪಾರವು ಮುಗ್ಗರಿಸಿತು. ಅದುವರೆಗೆ ಸರಕಾರವು ಪಶ್ಚಿಮದ ಭೂಮಿಯನ್ನು ಸಾಲದ ಮೇಲೆಯೇ ಮಾರುತ್ತಿದ್ದಿತು. ಬೆಲೆಯ ನಾಲ್ಕನೆಯ ಒಂದು ಪಾಲನ್ನು ಮೊದಲು ಕೊಟ್ಟು, ಉಳಿದುದನ್ನು ನಾಲ್ಕು ವರ್ಷಗಳೊಳಗೆ ತೀರಿಸಿದರಾಯಿತು. ಹತ್ತಿಯ ಬೆಲೆಯು ಏರುತ್ತಿದ್ದಾಗ ಎಲ್ಲರೂ ಕೊಂಡರು, ಕೈಗೆಟುಕದಷ್ಟನ್ನು ಕೊಂಡರು. ಹತ್ತಿ ಇಳಿಯಿತು, ಬ್ಯಾಂಕುಗಳು ತಮ್ಮ ಹಣವನ್ನು ಹಿಂದಕ್ಕೆ ಕೇಳಿದುವು, ಭೂಮಿಯ ಬಾಬ್ತು ಸರಕಾರಕ್ಕೇ ಸಲ್ಲಬೇಕಾದ ಬಾಕಿಯು ಎರಡು ಕೋಟಿ ಡಾಲರುಗಳನ್ನು ಮೀರಿತು. 1820ರಲ್ಲಿ ಸಾಲದ ಮಾರಾಟವನ್ನು ನಿಲ್ಲಿಸಿ, ಎಕರೆಗೆ ಒಂದೂಕಾಲು ಡಾಲರಿನಂತೆ ಕಡಮೆಯೆಂದರೆ 80 ಎಕರೆಗಳನ್ನು ನಗದು ಕೊಟ್ಟೇ ಕೊಳ್ಳಬೇಕೆಂದು ಹೊಸ ಶಾಸನವಾಯಿತು. ಬೆಲೆಯೇನೋ ಇಳಿಯಿತು, ಆದರೆ ನೂರು ಡಾಲರು ನಗದಿಲ್ಲದವನಿಗೆ ಅಗ್ಗದ ಭೂಮಿಯೂ ಗಗನಕುಸುಮವೇ. ಸಾಲ ತೀರಿಸಲಾರದವನನ್ನು ಸೆರೆಗೆ ಹಾಕುವ ಪದ್ಧತಿಯು ಅನೇಕ ಸಂಸ್ಥಾನಗಳಲ್ಲಿ ಇನ್ನೂ ನಡೆಯುತ್ತಿದ್ದಿತು. ನ್ಯೂಯಾರ್ಕಿನಲ್ಲಿ ಅದನ್ನು ಎತ್ತಿಹಾಕಿದುದು 1831ರಲ್ಲಿ.

ಈ ಬಿರುಗಾಳಿಗೆ ಸಿಕ್ಕವರಲ್ಲಿ ಮೋಸೆಸ್ ಆಸ್ಟಿನ್ ಒಬ್ಬನು. ಕನೆಕ್ಟಿಕಟ್ಟಿನಲ್ಲಿ ಹುಟ್ಟಿ, ವರ್ಜೀನಿಯಾದಲ್ಲಿ ಸೀಸದ ಗಣಿಯನ್ನು ನಡೆಸಿ, 1798ರಲ್ಲಿ ಮಿಸ್ಸೂರಿ ಪ್ರಾಂತಕ್ಕೆ ಬಂದು ಐಶ್ವರ್ಯವಂತನಾಗಿ, ಸೇಂಟ್ ಲೂಯಿಸ್ ಪಟ್ಟಣದ ಬ್ಯಾಂಕಿನ ಸ್ಥಾಪಕರಲ್ಲಿ ಸೇರಿದ್ದವನು. ಬ್ಯಾಂಕು ಮುರಿಯಿತು, ಅವನ ಸೊತ್ತೆಲ್ಲ ಸಾಲದ ಬಾಯಿಗೆ ಬಿದ್ದಿತು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, 1820ರ ಡಿಸೆಂಬರ್ ತಿಂಗಳಲ್ಲಿ, ಅವನು ಟೆಕ್ಸಾಸಿನ ರಾಜಧಾನಿಯಾದ ಸಾನ್ ಆಂಟೋನಿಯೋಕ್ಕೆ ಹೋಗಿ, ಮುನ್ನೂರು ಕುಟುಂಬಗಳನ್ನು ತಂದು ನೆಲೆಗೊಳಿಸಲು ಅಪ್ಪಣೆಯನ್ನು ಬೇಡಿದನು. ರಾಜ್ಯಪಾಲನಾದ ಮಾರ್ಟೀನೆಸನು ಮಾತನ್ನೂ ಕೇಳದೆ ಹೊರಟುಹೋಗೆಂದನು. ಆಸ್ಟಿನ್ನನು ಮುಖ ಬಾಡಿ ಚೌಕದಲ್ಲಿ ನಡೆದು ಬರುತ್ತಿರುವಾಗ ಹಿಂದೆಂದೋ ಕಂಡಿದ್ದ ಒಬ್ಬ ಪರಿಚಿತನು ಎದುರಾದನು. ಊರಿನಲ್ಲಿ ಗೌರವಸ್ಥನಾಗಿದ್ದ ಅವನನ್ನು ಬ್ಯಾರನ್ ದೆ ಬಾಸ್ಟ್ರೋಪ್ ಎಂದು ಕರೆಯುತ್ತಿದ್ದರು. ಅವನ ಶಿಫಾರಸಿನಿಂದ ರಾಜ್ಯಪಾಲನ ಮನಸ್ಸು ತಿರುಗಿ, 1821ರ ಜನವರಿಯಲ್ಲಿ ಅಪ್ಪಣೆಯೂ ದೊರೆಯಿತು.

ಈ ಬ್ಯಾರನ್ ಮಹಾಶಯನ ಪೂರ್ವೋತ್ತರವು ಇಲ್ಲಿ ಹೇಳತಕ್ಕದ್ದೇ ಸರಿ. ಅವನು ಬ್ಯಾರನ್ ಆಗಿರಲಿಲ್ಲ. ಬಾಸ್ಟ್ರೋಪ್ ಎಂಬುದೂ ಅವನ ಹೆಸರಾಗಿರಲಿಲ್ಲ. ಫಿಲಿಪ್ ಹೆಂಡ್ರಿಕ್ ನೇರಿಂಗ್ ಬೋಗೆಲ್ ಎಂಬ ಈ ಡಚ್ಚನು ಹಾಲೆಂಡಿನ ಫ್ರೀಸ್‌ಲಾಂಡ್ ಪ್ರಾಂತದಲ್ಲಿ ತೆರಿಗೆಯನ್ನು ಎತ್ತುವ ಅಧಿಕಾರಿಯಾಗಿದ್ದನು. ತೆರಿಗೆಯ ಹಣವನ್ನು ನುಂಗಿದನೆಂಬ ಆರೋಪವು ಬರಲು, 1793ರಲ್ಲಿ ವಿಚಾರಣೆಗೆ ಮೊದಲೇ ಪಲಾಯನಮಾಡಿದನು. ಹಿಡಿದುಕೊಟ್ಟವರಿಗೆ ಸಾವಿರ ಚಿನ್ನದ ನಾಣ್ಯಗಳ ಬಹುಮಾನವನ್ನು ಅಲ್ಲಿಯ ನ್ಯಾಯಾಸ್ಥಾನವು ಸಾರಿದ್ದಿತು. ದಿವಾಳಿಯೆದ್ದ ಒಬ್ಬ ವೃದ್ಧನಿಗೆ, ಸ್ವದೇಶಕ್ಕೆ ಲೆಕ್ಕ ಒಪ್ಪಿಸದೆ ಓಡಿಬಂದ ಇನ್ನೊಬ್ಬನು ಬಾಗಿಲನ್ನು ತೆರೆದುಕೊಟ್ಟನು. ಟೆಕ್ಸಾಸಿನ ಆಂಗ್ಲ ವಸಾಹತಿಗೆ ಅಸ್ತಿಭಾರ ಬಿದ್ದುದು ಹೀಗೆ. ಬಾಸ್ಟ್ರೋಪನು ಮುಂದೆ ಶಾಸನಸಭೆಯ ಸದಸ್ಯನಾಗಿ 1827ರಲ್ಲಿ ಸಾಲ್ಟಿಯೋ ನಗರದಲ್ಲಿ ತೀರಿಕೊಂಡಾಗ ಅವನನ್ನು ಮಣ್ಣುಮಾಡುವುದಕ್ಕೂ ಹಣ ಸಾಲದೆ, ಸಹಸದಸ್ಯರು ಚಂದಾ ಎತ್ತಿದರು.

ಮೋಸೆಸ್ ಆಸ್ಟಿನ್ ತನ್ನ ವಸಾಹತನ್ನು ಕಾಣಲಿಲ್ಲ. ಪ್ರಯಾಣದ ಬಳಲಿಕೆಯಿಂದ ರೋಗಿಯಾಗಿ 1821ರ ಜೂನ್ 10ರಂದು ಸತ್ತನು. ಕೈಗೊಂಡ ಕೆಲಸವನ್ನು ಹಿರಿಯ ಮಗನು ಮುಂದುವರಿಸಬೇಕೆಂಬ ಅವನ ಕೊನೆಯ ಆಶೆಯನ್ನು ತಾಯಿಯು ಮಗನಿಗೆ ಬರೆದು ತಿಳಿಸಿದಳು. ಆ ಮಗನು ಸ್ಟೀಫನ್ ಆಸ್ಟಿನ್, ಇಪ್ಪತ್ತೇಳು ವಯಸ್ಸಿನವನು. ಅವನಿಗೆ ತಂದೆಯಿಂದ ಬಂದ ಪಿತ್ರಾರ್ಜಿತವೆಂದರೆ ಒಂದು ಅಪ್ಪಣೆಯ ಪತ್ರ ಮತ್ತು ರಾಶಿ ಸಾಲ. ತನ್ನದೇ ಸಾಲಗಳು ಬೇರೆ. ಯಾಜ್ಞವಲ್ಕ್ಯನ ಹೆಸರನ್ನು ಎಂದೂ ಕೇಳದಿದ್ದ ಈ ಯುವಕನು ಆ ಋಷಿಯು ಮಗನಿಗೆ ವಿಧಿಸಿದಂತೆಯೇ ನಡೆದುಕೊಂಡುದು ಆಶ್ಚರ್ಯಕರವಾಗಿದೆ. ನ್ಯೂ ಆರ್ಲಿಯನ್ಸಿನಲ್ಲಿ ಅವನಿಗೆ ಹಣಕೊಟ್ಟು ನೆರವಾಗಿದ್ದ ಜೋಸೆಫ್ ಹಾಕಿನ್ಸ್ ಎಂಬ ವಕೀಲನು 1823ರಲ್ಲಿ ತೀರಿಕೊಂಡಾಗ, ಆ ಋಣವನ್ನು ಅವನ ಉತ್ತರಾಧಿಕಾರಿಗಳಿಗೆ ಸಲ್ಲತಕ್ಕದ್ದೆಂದೇ ಎಣಿಸಿದನು. ಮಿಸ್ಸೂರಿಯ ಸಾಲಗಳನ್ನೂ ವರ್ಷವರ್ಷಕ್ಕೆ ಸ್ವಲ್ಪಸ್ವಲ್ಪವಾಗಿ ತೀರಿಸುತ್ತ ಬಂದನು.

ಇಂತಹನು ತನ್ನ ವಸಾಹತಿಗೆ ಬರುವವರ ಸಾಲದ ವಿಷಯದಲ್ಲಿ ಬೇರೊಂದು ನೀತಿಯನ್ನು ಹಿಡಿದನು. ಅಲ್ಲಿ ಪಶುಗಳನ್ನು ಸಾಕುವ ಕುಟುಂಬಕ್ಕೆ 4,428 ಎಕರೆ, ಬೇಸಾಯಕ್ಕೆ ಬೇರೆ 177 ಎಕರೆ ದೊರೆಯುತ್ತಿದ್ದುವು, ಶುಲ್ಕವು ಸ್ವಲ್ಪ. ಸ್ವದೇಶದಲ್ಲಿ ಎಂಬತ್ತು ಎಕರೆಗೆ ಗತಿಯಿಲ್ಲದವನಿಗೆ ಇದು ರಾಜ್ಯಾಭಿಷೇಕವೇ ಸರಿ. ರಾತ್ರೋರಾತ್ರಿ ಗಾಡಿ ಕಟ್ಟಿದವರೆಷ್ಟೋ ಮಂದಿ. ಬೆಳಗಾಗಿ ಸಾಲ ಕೊಟ್ಟವನು ಬಂದು ನೋಡಿದರೆ ಹೊಲ ಬರಿದು, ಮನೆ ಬರಿದು. 'ಟೆಕ್ಸಾಸಿಗೆ ಹೋದನು' ಎಂಬುದರ ಮೂರು ಮೊದಲಕ್ಷರಗಳಾದ ಜಿ. ಟಿ. ಟಿ. ಎಂಬುವು ಓಡಿಹೋದವರ ಹೆಸರಿನ ಮುಂದೆ ಬಿರುದಿನಂತೆ ಅಂಟಿಕೊಂಡುವು. 1857ರಲ್ಲಿ ಟೆಕ್ಸಾಸಿನ ಪ್ರವಾಸಕಥನವನ್ನು ಪ್ರಕಟಿಸಿದ ಆಲ್ಮ್‌ಸ್ಟೆಡ್ಡನು ಸಹ ಈ ಪರಿಹಾಸ್ಯವನ್ನು ದಾಖಲಿಸಿದ್ದಾನೆ.

ಆದರೆ ಸಾಲಪತ್ರಕ್ಕೂ ಕಾಲುಂಟು. ಸಾಲ ಕೊಟ್ಟವರೂ ಹೊಳೆಯನ್ನು ದಾಟಿ ಬಂದು ವಸಾಹತಿನ ನ್ಯಾಯಾಧಿಕಾರಿಗಳ ಮುಂದೆ ಪತ್ರಗಳನ್ನು ಹಿಡಿಯತೊಡಗಿದರು. ಆಗತಾನೆ ಕಾಡು ಕಡಿದು ಒಂದು ಬೆಳೆಯನ್ನು ಕಂಡವನ ಎತ್ತನ್ನೂ ನೇಗಿಲನ್ನೂ ಜಪ್ತಿಮಾಡಿದರೆ ವಸಾಹತೇ ಉಳಿಯದೆಂಬುದು ಆಸ್ಟಿನ್ನನ ವಾದವಾಗಿದ್ದಿತು. ಕೊಲೆಗಡುಕರನ್ನೂ ಕಳ್ಳರನ್ನೂ ಹೊರದೂಡುವುದರಲ್ಲಿ ಅವನು ನಿಷ್ಠುರನು. ಸಾಲಿಗನು ಮಾತ್ರ ಅವನ ಕಣ್ಣಿಗೆ ಅಪರಾಧಿಯಲ್ಲ, ಕಾಲಪುರುಷನ ಹೊಡೆತಕ್ಕೆ ಸಿಕ್ಕವನು. ಅವನ ಪ್ರಯತ್ನದ ಫಲವಾಗಿ ಕೊವಾಹುವಿಲಾ-ಟೆಕ್ಸಾಸ್ ಸಂಸ್ಥಾನದ ಶಾಸನಸಭೆಯು 1829ರ ಜನವರಿಯಲ್ಲಿ ಒಂದು ಶಾಸನವನ್ನು ಮಾಡಿತು. ವಲಸೆ ಬಂದವರು ಹಿಂದೆ ಪರದೇಶದಲ್ಲಿ ಮಾಡಿದ ಸಾಲಕ್ಕಾಗಿ ಹನ್ನೆರಡು ವರ್ಷಗಳವರೆಗೆ ಅವರನ್ನು ಪೀಡಿಸಕೂಡದು. ಸರಕಾರವು ಕೊಟ್ಟ ಭೂಮಿಯನ್ನೂ ಬೇಸಾಯದ ಉಪಕರಣಗಳನ್ನೂ ಮುಟ್ಟಕೂಡದು. ಆಮೇಲಾದರೂ ಕುಟುಂಬಕ್ಕೂ ಕೃಷಿಗೂ ಭಂಗಬಾರದಂತೆ ಕಂತುಗಳಲ್ಲಿ ತೆರತಕ್ಕದ್ದು. ನಾರದನು ಮಗನಿಗೆ ಇಪ್ಪತ್ತು ವರ್ಷಗಳ ಅವಧಿಯನ್ನು ಕೊಟ್ಟನು. ಸಾಲಮಾಡಿದವನಿಗೇ ಹನ್ನೆರಡು ವರ್ಷ ಕೊಟ್ಟುದು ಟೆಕ್ಸಾಸಿನ ವಿಶೇಷ.

ಹೋದವರಿಗೆ ಹೀಗೆ ಬಿಡುವು ದೊರೆಯಿತು. ಹಿಂದೆ ಉಳಿದವರ ಮಾತು ಬೇರೆ. ಅಲಬಾಮಾದ ಕ್ಲೇಬೋರ್ನ್ ಎಂಬ ಊರಿನಲ್ಲಿ ವಿಲಿಯಂ ಟ್ರಾವಿಸ್ ಎಂಬ ತರುಣನು ಉಪಾಧ್ಯಾಯನಾಗಿದ್ದು, 1828ರಲ್ಲಿ ತನ್ನ ಶಿಷ್ಯೆಯಾಗಿದ್ದ ರೊಸಾನಾ ಕೇಟೋ ಎಂಬವಳನ್ನು ಮದುವೆಯಾಗಿ, ವಕೀಲಿಯನ್ನೂ ಒಂದು ಪತ್ರಿಕೆಯನ್ನೂ ನಡೆಸಿ ಸಾಲಕ್ಕೆ ಸಿಕ್ಕಿಬಿದ್ದನು. ನ್ಯಾಯಾಸ್ಥಾನವು ಅವನ ವಿರುದ್ಧ ತೀರ್ಪುಕೊಟ್ಟಿತು. 1831ರಲ್ಲಿ ಅವನು ಟೆಕ್ಸಾಸಿಗೆ ಹೊರಟುಹೋದಾಗ ಒಬ್ಬ ಮಗನು ಎರಡು ವರ್ಷ ತುಂಬದ ಕೂಸು, ಹೆಂಡತಿಯು ಗರ್ಭಿಣಿ. ಅಮೆರಿಕಾದಿಂದ ವಲಸೆಯನ್ನೇ ನಿಷೇಧಿಸಿದ 1830ರ ಏಪ್ರಿಲ್ 6ರ ಶಾಸನವು ಆಗ ಜಾರಿಯಲ್ಲಿದ್ದರೂ ಅವನು ನುಸುಳಿ, ತಾನು ಅವಿವಾಹಿತನೆಂದು ಬರೆಯಿಸಿ ಭೂಮಿಯನ್ನು ಪಡೆದನು. 1836ರ ಮಾರ್ಚ್ 6ರಂದು ಆಲಮೋ ಎಂಬ ಹಳೆಯ ಮಠದ ಕೋಟೆಯಲ್ಲಿ ಮೆಕ್ಸಿಕೋ ಸೈನ್ಯವನ್ನು ಎದುರಿಸಿ, ಆ ಪಡೆಯ ನಾಯಕನಾಗಿ ಮಡಿದನು. ಆ ವರ್ಷದ ಜನವರಿಯಲ್ಲಿಯೇ ಅಲಬಾಮಾದ ಶಾಸನಸಭೆಯು ಅವನ ಹೆಂಡತಿಗೆ ವಿವಾಹವಿಚ್ಛೇದನವನ್ನು ಕೊಟ್ಟಿದ್ದಿತು. ವೀರನ ಪ್ರತಿಮೆಗಳು ಎಷ್ಟೋ ಇವೆ. ಐದು ವರ್ಷ ಎರಡು ಮಕ್ಕಳೊಡನೆ ಕಾದವಳ ಹೆಸರು ಪುಸ್ತಕದ ಅಡಿಯಲ್ಲಿ ಎಲ್ಲೋ ಒಂದೆಡೆ.

ಇಷ್ಟಕ್ಕೇ ಕಥೆಯು ನಿಂತಿದ್ದರೆ ಆಸ್ಟಿನ್ನನ ಶಾಸನವನ್ನು ದಯೆಯ ಶಾಸನವೆನ್ನಬಹುದಾಗಿದ್ದಿತು. ಆದರೆ ರಾತ್ರಿಯಲ್ಲಿ ಹೊರಟ ಗಾಡಿಗಳ ಹಿಂದೆ ಕಾಲುನಡಗೆಯಲ್ಲಿ ಬರುತ್ತಿದ್ದವರೂ ಇದ್ದರು. ದಕ್ಷಿಣದ ಸಂಸ್ಥಾನಗಳಲ್ಲಿ ಆಫ್ರಿಕಾ ಮೂಲದ ಗುಲಾಮರನ್ನು ಸೊತ್ತೆಂದೇ ಎಣಿಸಿ ಸಾಲಕ್ಕೆ ಅಡವಿಡುತ್ತಿದ್ದರು. ಒಡೆಯನು ಓಡಿಹೋಗುವಾಗ ಜಪ್ತಿಗೆ ಒಳಗಾಗಬೇಕಾದ ಈ ಜಂಗಮ ಸೊತ್ತನ್ನೂ ಗಡಿ ದಾಟಿಸುತ್ತಿದ್ದನು. ಬೇರೆ ತೋಟದಲ್ಲಿದ್ದ ಗಂಡನನ್ನೋ ತಾಯಿಯನ್ನೋ ಬಿಟ್ಟು ಬರುತ್ತಿದ್ದವರನ್ನು ಕೇಳಿದವರು ಯಾರು?

ಮೆಕ್ಸಿಕೋ ದೇಶದವರಿಗೆ ಗುಲಾಮಗಿರಿಯು ಒಪ್ಪಿಗೆಯಾಗಿರಲಿಲ್ಲ. ಸಂಸ್ಥಾನದ 1827ರ ಸಂವಿಧಾನವು ಮುಂದೆ ಹುಟ್ಟುವ ಮಕ್ಕಳೆಲ್ಲ ಸ್ವತಂತ್ರರೆಂದೂ, ಆರು ತಿಂಗಳ ಮೇಲೆ ಹೊಸ ಗುಲಾಮರನ್ನು ತರಕೂಡದೆಂದೂ ವಿಧಿಸಿತು. ವಸಾಹತಿನ ಮುಖಂಡರು ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಪರದೇಶದಲ್ಲಿ ಕೂಲಿಯಾಳುಗಳೊಡನೆ ಮಾಡಿಕೊಂಡ ಕರಾರು ಇಲ್ಲಿಯೂ ಸಿಂಧುವಾಗಲೆಂದು ಬೇಡಿದರು. ಮಾತು ಮೃದುವಾಗಿದ್ದಿತು; ಶಾಸನಸಭೆಯು 1828ರ ಮೇ 5ರಂದು ಒಪ್ಪಿತು. ಆಮೇಲೆ ನಡೆದುದಿಷ್ಟು. ಗಡಿಯನ್ನು ದಾಟುವ ಮೊದಲು ಒಡೆಯನು ಗುಲಾಮನನ್ನು ಅಧಿಕಾರಿಯ ಮುಂದೆ ನಿಲ್ಲಿಸಿ, ಇವನು ಸ್ವತಂತ್ರನಾಗಲು ಇಚ್ಛಿಸಿರುವನೆಂದೂ, ತನ್ನ ಬೆಲೆಯನ್ನೂ ಪ್ರಯಾಣದ ವೆಚ್ಚವನ್ನೂ ಒಡೆಯನಿಗೆ ಸಾಲವಾಗಿ ತೆರಬೇಕಾಗಿರುವನೆಂದೂ, ಅದನ್ನು ದುಡಿದು ತೀರಿಸುವನೆಂದೂ ಬರೆಯಿಸುತ್ತಿದ್ದನು. ಓದುಬರಹವಿಲ್ಲದವನು ಒಂದು ಗೀಟನ್ನು ಹಾಕುತ್ತಿದ್ದನು. ಕೂಲಿಯು ಅತ್ಯಲ್ಪ, ಬಟ್ಟೆಬರೆಯ ವೆಚ್ಚವೂ ಅದರಲ್ಲಿಯೇ ಕಳೆಯುತ್ತಿದ್ದುದರಿಂದ ಅಸಲು ಕರಗುವ ಮಾತೇ ಇಲ್ಲ. ಮಕ್ಕಳೂ ಅದೇ ಕರಾರಿಗೆ ಬದ್ಧರು.

ಇದನ್ನು ಓದುವಾಗ ಕನ್ನಡಿಗರಿಗೆ ಜೀತವು ನೆನಪಾಗದಿರದು. ಆ ಪದ್ಧತಿಯನ್ನು ಭಾರತದಲ್ಲಿ ಶಾಸನದಿಂದ ನಿಲ್ಲಿಸಿದುದು 1976ರಲ್ಲಿ ಮಾತ್ರ; ನಾರದನು ಎಣಿಸಿದ ಹದಿನೈದು ಬಗೆಯ ದಾಸರಲ್ಲಿಯೂ ಮಹಾಋಣದಿಂದ ಬಿಡಿಸಲ್ಪಟ್ಟು ದಾಸನಾದವನು ಒಬ್ಬನು. ಆದರೂ ಆ ದಾಸನು ಸಾಲವನ್ನು ನಿಜವಾಗಿ ಪಡೆದವನು. ಬಡ್ಡಿಯೊಡನೆ ತೀರಿಸಿದರೆ ಬಿಡುಗಡೆಯುಂಟೆಂದು ನಾರದನೇ ಹೇಳಿದ್ದಾನೆ. ಟೆಕ್ಸಾಸಿನ ಕರಾರಿನಲ್ಲಿ ಗೀಟುಹಾಕಿದವನು ಯಾರಿಂದಲೂ ಒಂದು ಕಾಸನ್ನೂ ಪಡೆದಿರಲಿಲ್ಲ. ಎಂಟು ತಿಂಗಳ ಅಂತರದಲ್ಲಿ ಆದ ಎರಡು ಶಾಸನಗಳಲ್ಲಿ ಒಂದು, ಪಡೆದ ಸಾಲವನ್ನು ಕೇಳಕೂಡದೆಂದಿತು; ಇನ್ನೊಂದರ ಮರೆಯಲ್ಲಿ, ಪಡೆಯದ ಸಾಲವನ್ನು ತಲೆಮೊರೆಯವರೆಗೆ ವಸೂಲುಮಾಡಿದರು. ಎರಡನೆಯದಕ್ಕೂ ಆಸ್ಟಿನ್ನನ ಸಮ್ಮತಿಯಿದ್ದಿತು. ತಂದೆಯ ಸಾಲದ ಪೈಪೈಯನ್ನೂ ನೆನಪಿಟ್ಟವನು ಈ ಲೆಕ್ಕವನ್ನು ಹೇಗೆ ಒಪ್ಪಿದನೆಂಬುದು ಅವನ ಚರಿತ್ರೆಯನ್ನು ಓದುವವರನ್ನು ಬಹಳವಾಗಿ ಬಾಧಿಸುವ ಸಂಗತಿ.

1832ರಲ್ಲಿ ಇಂತಹ ಕರಾರಿಗೆ ಹತ್ತು ವರ್ಷಗಳ ಮಿತಿಯನ್ನು ಹಾಕಿದರು. ವಸಾಹತಿನವರು ಸಿಟ್ಟಾದರು. 1836ರಲ್ಲಿ ಟೆಕ್ಸಾಸ್ ಸ್ವತಂತ್ರವಾದೊಡನೆ ಸಾಲದ ಸೋಗೂ ಬೇಕಾಗಲಿಲ್ಲ. ಹೊಸ ಸಂವಿಧಾನವು ಗುಲಾಮಗಿರಿಯನ್ನು ನೇರವಾಗಿಯೇ ಸ್ಥಿರಪಡಿಸಿತು. ಅದೇ ವರ್ಷದ ಡಿಸೆಂಬರ್ 27ರಂದು ಆಸ್ಟಿನ್ನನು ನಲವತ್ತಮೂರನೆಯ ವಯಸ್ಸಿನಲ್ಲಿ ಶೀತಜ್ವರದಿಂದ ತೀರಿಕೊಂಡನು. ಮದುವೆಯಾಗಿರಲಿಲ್ಲ, ಋಣಕ್ಕೂ ಧನಕ್ಕೂ ವಾರಸುದಾರನಾಗಲು ಮಗನಿರಲಿಲ್ಲ. ಆಸ್ತಿಯು ತಂಗಿಯ ಮನೆಯವರಿಗೆ ಹೋಯಿತು.

1829ರ ಶಾಸನವು ಬಹುಕಾಲ ಬಾಳದಿದ್ದರೂ ಅದರ ಬೀಜವು ಸಾಯಲಿಲ್ಲ. 1839ರ ಜನವರಿ 26ರಂದು ಟೆಕ್ಸಾಸ್ ಗಣರಾಜ್ಯವು ಪ್ರತಿ ಕುಟುಂಬಕ್ಕೂ 50 ಎಕರೆ ಭೂಮಿ ಅಥವಾ ಪಟ್ಟಣದ ಒಂದು ನಿವೇಶನ, ಐದು ಕರೆಯುವ ಹಸುಗಳು, ಒಂದು ಜೊತೆ ಎತ್ತು ಇಲ್ಲವೆ ಒಂದು ಕುದುರೆ, ಇಪ್ಪತ್ತು ಹಂದಿಗಳು, ಒಂದು ವರ್ಷದ ದವಸ ಇವುಗಳನ್ನು ಯಾವ ಸಾಲಕ್ಕೂ ಜಪ್ತಿಮಾಡಕೂಡದೆಂದಿತು. ಇತರ ಸಂಸ್ಥಾನಗಳು ಇದನ್ನು ಅನುಸರಿಸಿದುವು. 1862ರಲ್ಲಿ ಸಂಯುಕ್ತ ಸಂಸ್ಥಾನವು ಪಶ್ಚಿಮದ ಭೂಮಿಯನ್ನು ಹಂಚುವ ಶಾಸನವನ್ನು ಮಾಡಿದಾಗ, ಪಟ್ಟಾ ದೊರೆಯುವುದಕ್ಕೆ ಮೊದಲಿನ ಸಾಲಗಳಿಗೆ ಆ ಭೂಮಿಯು ಗುರಿಯಲ್ಲವೆಂದು ಸೇರಿಸಿತು.

ಕರಾರಿಗೆ ಗೀಟುಹಾಕಿದವರ ಮಕ್ಕಳು ಮೊಮ್ಮಕ್ಕಳಿಗೆ ಬಿಡುಗಡೆಯ ಸುದ್ದಿಯು ತಲುಪಿದುದು 1865ರ ಜೂನ್ 19ರಂದು. ಅಂದು ಜನರಲ್ ಗ್ರೇಂಜರನು ಗಾಲ್ವೆಸ್ಟನ್ ರೇವಿನಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಗುಲಾಮರೆಲ್ಲರೂ ಸ್ವತಂತ್ರರೆಂದೂ, ಇನ್ನು ಮುಂದೆ ಅವರಿಗೂ ಒಡೆಯರಿಗೂ ಇರುವ ಸಂಬಂಧವು ಕೂಲಿ ಕೊಡುವವನಿಗೂ ಪಡೆಯುವವನಿಗೂ ಇರುವಂತಹುದೆಂದೂ, ಅವರು ಇದ್ದ ಮನೆಗಳಲ್ಲಿಯೇ ಇದ್ದು ಕೂಲಿಗೆ ದುಡಿಯುವುದು ಲೇಸೆಂದೂ ಹೇಳಿದ್ದಿತು. ಹಿಂದಿನ ಕೂಲಿಯ ಮಾತು ಅದರಲ್ಲಿರಲಿಲ್ಲ.