ವರ್ಚುವಲ್ ಟ್ರಯಲ್ ರೂಮ್

ಆನ್‌ಲೈನ್‌ನಲ್ಲಿ ಬಟ್ಟೆ ಕೊಳ್ಳುವ ಮುನ್ನ ಅದು ಮೈಮೇಲೆ ಹೇಗೆ ಕಾಣುತ್ತದೆಂದು ಮೊಬೈಲ್ ಪರದೆಯಲ್ಲೇ ತೋರಿಸುವ ವ್ಯವಸ್ಥೆ. ಕ್ಯಾಮೆರಾದಲ್ಲಿ ಕಂಡ ಭುಜ, ಸೊಂಟ, ಮಂಡಿಗಳನ್ನು ತಂತ್ರಾಂಶ ಗುರುತಿಸಿ, ಉಡುಪಿನ ಚಿತ್ರವನ್ನು ಅವಕ್ಕೆ ಹೊಂದಿಸುತ್ತದೆ. ಮೈ ತಿರುಗಿದರೆ ಚಿತ್ರವೂ ತಿರುಗುತ್ತದೆ. ಬೆಂಗಳೂರಿನ ಆನ್‌ಲೈನ್ ಉಡುಪು ಮಳಿಗೆ ಮಿಂತ್ರಾ 2013ರಲ್ಲಿ ವರ್ಚುವಲ್ ಟ್ರಯಲ್ ರೂಮ್ ರೂಪಿಸಿದ್ದ ಫಿಟಿಕೆಟ್ ಕಂಪನಿಯನ್ನು ಕೊಂಡಿತು; ಫ್ಲಿಪ್‌ಕಾರ್ಟ್ 2020ರಲ್ಲಿ ಬೆಂಗಳೂರಿನದೇ ಆದ, ಕ್ಯಾಮೆರಾ ದೃಶ್ಯದ ಮೇಲೆ ಚಿತ್ರ ಕೂಡಿಸುವ ವರ್ಧಿತ ವಾಸ್ತವ (ಎಆರ್) ತಂತ್ರಜ್ಞಾನದ ಸ್ಕೇಪಿಕ್ ಕಂಪನಿಯನ್ನು ಕೊಂಡಿತು. ಕನ್ನಡಕ, ಲಿಪ್‌ಸ್ಟಿಕ್‌ಗೆ ಈ ವ್ಯವಸ್ಥೆ ಚೆನ್ನಾಗಿ ಒಗ್ಗಿದೆ. ಬಟ್ಟೆಯದು ಬೇರೆ ಮಾತು: ನೆರಿಗೆ ಬೀಳುವ ರೀತಿ, ಜಗ್ಗುವ ಗುಣ ಲೆಕ್ಕಕ್ಕೆ ಸುಲಭವಾಗಿ ಸಿಗವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಅಂಗಡಿಗಳಲ್ಲಿ ಸೆರಗು ಬಿಡಿಸಿ, ಬೆರಳಲ್ಲಿ ತಿಕ್ಕಿ, ಬಾಗಿಲ ಬೆಳಕಿಗೆ ಹಿಡಿದು ಸೀರೆ ಆರಿಸುವ ರೂಢಿಗೆ ಇದಿನ್ನೂ ಸಾಟಿಯಲ್ಲ. ಕೊಳ್ಳುವವರು ಅಳತೆ ಪಟ್ಟಿ, ವಾಪಸಾತಿ ನಿಯಮಗಳನ್ನೂ ನೋಡಿಕೊಳ್ಳಬೇಕು.