ಮಣ್ಣಿನ ಉಂಡೆ, ಉಪ್ಪಿನ ಹೆಂಟೆ, ಕಲ್ಲು

ಶಕ್ತಿನಗರದಂಥ ಏರುತಗ್ಗಿನ ಜಾಗದಲ್ಲಿ ಮಳೆಗಾಲ ಬಂತೆಂದರೆ ಪಾಚಿ, ಪಾಚಿ ಬಂತೆಂದರೆ ಜಾರುವುದು. ಮೂಳೆ ಮುರಿದವರನ್ನು ನೋಡಲು ಹೋದರೆ ಎರಡು ಮಾತು ಒಟ್ಟಿಗೇ ಕೇಳಿಸುತ್ತವೆ. "ಅಲ್ಲಾಡಬೇಡಿ, ಸುಮ್ನೆ ಮಲಗಿ" ಅಂತ ಒಬ್ಬರು. "ರಾಡ್ ಹಾಕಿ ಆಯ್ತಲ್ಲ ಮಾರಾಯ್ರೆ, ಇನ್ನೆಂತ?" ಅಂತ ಇನ್ನೊಬ್ಬರು. ಈ ಚರ್ಚೆ ಬಹಳ ಹಳೆಯದು.

ಸುಶ್ರುತ ಸಂಹಿತೆ ಎಲುಬಿನ ಮುರಿತದಲ್ಲಿ 12 ಬಗೆ ಹೇಳುತ್ತದೆ. ಅತ್ತಿ, ಅರಳಿ, ಆಲದ ತೊಗಟೆ ಅಥವಾ ಬಿದಿರಿನ ದಬ್ಬೆ ಇಟ್ಟು ಕಟ್ಟಬೇಕು. ಸಡಿಲವಾದರೆ ಮೂಳೆ ನಿಲ್ಲದು, ಬಿಗಿಯಾದರೆ ಬಾವು. ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಸೆಕೆಗಾಲದಲ್ಲಿ 3 ದಿನಕ್ಕೊಮ್ಮೆ ಕಟ್ಟು ಬದಲಿಸಬೇಕು. ಮೂಳೆ ಕೂಡಲು ಎಳೆಯರಿಗೆ 1 ತಿಂಗಳು, ನಡುವಯಸ್ಸಿನವರಿಗೆ 2, ವಯಸ್ಸಾದವರಿಗೆ 3. ನನಗೆ ತುಂಬ ಇಷ್ಟವಾದದ್ದು ಮುಂದಿನ ಮಾತು: ಕೈ ಮುರಿದವನಿಗೆ ಮೊದಲು ಮಣ್ಣಿನ ಉಂಡೆ ಹಿಡಿಸಿ, ಆಮೇಲೆ ಉಪ್ಪಿನ ಹೆಂಟೆ, ಬಲ ಬಂದ ಮೇಲೆ ಕಲ್ಲು. ಇವತ್ತು ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಡುತ್ತಾರಲ್ಲ, ಅದೇ!

ಈಗ ನಾವು ವೆನ್ಲಾಕ್ ಎನ್ನುವ ಮಂಗಳೂರಿನ ಆಸ್ಪತ್ರೆ ಶುರುವಾದದ್ದು 1848ರಲ್ಲಿ. ಆಗಿನ್ನೂ ಇವತ್ತಿನಂಥ ಪ್ಲಾಸ್ಟರ್ ಪಟ್ಟಿ ಇರಲಿಲ್ಲ. ಅದನ್ನು ಡಚ್ ಸೇನಾ ವೈದ್ಯ ಮಥೈಸನ್ ರೂಪಿಸಿದ್ದು 1851ರಲ್ಲಿ. ಒಳಗಿನ ಮೂಳೆ ನೋಡಲು ಎಕ್ಸ್-ರೇ ಬಂದದ್ದು 1895ರಲ್ಲಿ. ಪ್ಲಾಸ್ಟರಿನಿಂದ ಮೂಳೆ ನೆಟ್ಟಗೆ ಕೂಡಿತು ನಿಜ. ಆದರೆ ತಿಂಗಳುಗಟ್ಟಲೆ ಕಟ್ಟಿಟ್ಟ ಕೈಕಾಲು ಸೊರಗಿತು, ಕೀಲು ಹಿಡಿದುಕೊಂಡಿತು. ಬಿಗಿ ಕಟ್ಟಿನಿಂದ ರಕ್ತ ಓಡದೆ ಕೈ ಸೊಟ್ಟಗಾಗುವುದನ್ನು ಜರ್ಮನಿಯ ಫೋಕ್‌ಮನ್ 1881ರಲ್ಲೇ ವಿವರಿಸಿದ್ದ.

1939ರಲ್ಲಿ ಜರ್ಮನಿಯ ಕುಂಚರ್ ತೊಡೆಮೂಳೆಯ ಒಳಗೇ ಉಕ್ಕಿನ ಸಲಾಕೆ ತೂರಿಸಿದ. 1958ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರು ಎಓ ಎಂಬ ಗುಂಪು ಕಟ್ಟಿಕೊಂಡರು. ಮೂಳೆಯನ್ನು ಒಳಗಿನಿಂದ ಭದ್ರ ಮಾಡಿ, ಕೈಕಾಲನ್ನು ಬೇಗ ಆಡಿಸಿ ಅನ್ನುವುದು ಅವರ ವಾದ.

ಇಲ್ಲೇ ನೋಡಿ, ನಮ್ಮ ಮನೆಗಳಲ್ಲಿ ತಪ್ಪು ತಿಳಿಯುವುದು. ರಾಡು ಮೂಳೆಯನ್ನು ಹಿಡಿದಿಡುತ್ತದೆ, ಕೂಡಿಸುವುದಿಲ್ಲ. ಕೂಡಿಸುವುದು ಮೈಯೇ: ಮೊದಲು ಹೆಪ್ಪುರಕ್ತ, ಅದರ ಮೇಲೆ ಮೆತ್ತನೆಯ ಬೆಸುಗೆ, ನಿಧಾನಕ್ಕೆ ಗಟ್ಟಿ ಎಲುಬು. ಅದಕ್ಕೆ ಬೇಕಾಗುವುದು ಈಗಲೂ ವಾರ, ತಿಂಗಳುಗಳೇ. ಹಾಗಂತ ಸೊಂಟದ ಬಳಿ ಮುರಿದ ಅಜ್ಜಿಯನ್ನು ಹೆದರಿ ಮಂಚಕ್ಕೇ ಬಿಟ್ಟರೆ ಬೆನ್ನುಹುಣ್ಣು, ನ್ಯುಮೋನಿಯ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು. ಮುರಿತಕ್ಕಿಂತ ಮಂಚವೇ ಜೀವ ತೆಗೆದೀತು. ಆದ್ದರಿಂದ ಡಿಸ್ಚಾರ್ಜ್ ಆಗುವ ದಿನ ಡಾಕ್ಟರನ್ನು ಕೇಳಬೇಕಾದ್ದು "ಎಷ್ಟು ದಿನ ಮಲಗಬೇಕು?" ಅಂತಲ್ಲ. "ಎಂದಿನಿಂದ, ಎಷ್ಟು ಭಾರ ಹಾಕಿ ನಿಲ್ಲಬಹುದು?" ಅಂತ.