ಐಫೆಲ್ ಗೋಪುರ ಗುಜರಿಗೆ ಹೋದ ಕಥೆ

1925ನೇ ಇಸವಿ. ಪ್ಯಾರಿಸ್‌ನ ಪ್ರತಿಷ್ಠಿತ ಹೋಟೆಲೊಂದರಲ್ಲಿ ಗುಟ್ಟಿನ ಸಭೆ. ಬಂದವರೆಲ್ಲ ಆ ಊರಿನ ದೊಡ್ಡ ಗುಜರಿ ವ್ಯಾಪಾರಿಗಳು. ಕರೆದವನು ತಾನು ಅಂಚೆ-ತಂತಿ ಇಲಾಖೆಯ ದೊಡ್ಡ ಅಧಿಕಾರಿ ಅಂತ ಹೇಳಿಕೊಂಡ. ವಿಷಯ ಏನಪ್ಪಾ ಅಂದ್ರೆ, ಐಫೆಲ್ ಗೋಪುರದ ಖರ್ಚು ತೂಗಿಸೋಕೆ ಸರ್ಕಾರಕ್ಕೆ ಆಗ್ತಿಲ್ಲ, ಬಿಚ್ಚಿ ಗುಜರಿಗೆ ಹಾಕ್ತೀವಿ, ಯಾರು ತಗೋತೀರಿ? ಒಬ್ಬ ವ್ಯಾಪಾರಿ ನಂಬಿದ. ದುಡ್ಡು ಕೊಟ್ಟ. ಅದರ ಮೇಲೆ ಲಂಚವನ್ನೂ ಕೊಟ್ಟ. ವಿಕ್ಟರ್ ಲುಸ್ಟಿಗ್ ಎಂಬ ಆ ಮಹಾವಂಚಕ ಹಣದ ಸಮೇತ ಪರಾರಿಯಾದ. ಮೋಸಹೋದವನು ಮರ್ಯಾದೆಗೆ ಅಂಜಿ ಪೊಲೀಸರ ಹತ್ತಿರವೂ ಹೋಗಲಿಲ್ಲ.

ಕೇಳಿದ್ರೆ ನಗು ಬರುತ್ತೆ. ಆದರೆ ಆ ವ್ಯಾಪಾರಿ ದಡ್ಡನೇನೂ ಅಲ್ಲ. ಯಾಕಂದ್ರೆ ಸುಳ್ಳಿನ ಬುಡದಲ್ಲಿ ಒಂದು ಸತ್ಯ ಇತ್ತು. 1889ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಈ ಗೋಪುರಕ್ಕೆ ಸಿಕ್ಕಿದ್ದು ಕೇವಲ 20 ವರ್ಷದ ಪರವಾನಗಿ. 1909ರಲ್ಲಿ ಅದನ್ನು ಬಿಚ್ಚಬೇಕಿತ್ತು. ನಿಸ್ತಂತು ಸಂದೇಶಕ್ಕೆ ಎತ್ತರದ ಕಂಬ ಬೇಕಾಗಿದ್ದರಿಂದ ಉಳಿಯಿತು, ಅಷ್ಟೇ. 18,038 ಬಿಡಿಭಾಗ, 25 ಲಕ್ಷ ರಿವೆಟ್, ಸುಮಾರು 7,300 ಟನ್ ಕಬ್ಬಿಣ. ಯಾವ ಗುಜರಿ ವ್ಯಾಪಾರಿಯ ಬಾಯಲ್ಲಿ ನೀರೂರುವುದಿಲ್ಲ ಹೇಳಿ?

ಈಗ 99 ವರ್ಷ ಮುಂದಕ್ಕೆ ಬನ್ನಿ. 2024ರ ಪ್ಯಾರಿಸ್ ಒಲಿಂಪಿಕ್ಸ್. ಗೆದ್ದವರ ಕೊರಳಿಗೆ ಬಿದ್ದ ಪ್ರತಿ ಪದಕದ ನಡುವೆ ಆರು ಮೂಲೆಯ ಒಂದು ಕಬ್ಬಿಣದ ಬಿಲ್ಲೆ, ತೂಕ 18 ಗ್ರಾಂ. ಅದು ದುರಸ್ತಿ ಸಮಯದಲ್ಲಿ ಐಫೆಲ್ ಗೋಪುರದಿಂದಲೇ ತೆಗೆದಿಟ್ಟಿದ್ದ ಕಬ್ಬಿಣ. ಗೋಪುರದ ಮೇಲೆ ತೂಗುಹಾಕಿದ್ದ ಐದು ಉಂಗುರಗಳು 29 ಮೀಟರ್ ಅಗಲ, 30 ಟನ್ ತೂಕ. ಅವೂ ಮರುಬಳಕೆಯ ಉಕ್ಕಿನಿಂದಲೇ ಆದವು. ಅಂದು ಗೋಪುರವನ್ನೇ ಗುಜರಿ ಅಂದ ಊರು, ಇಂದು ಗುಜರಿಯನ್ನೇ ಗೋಪುರಕ್ಕೇರಿಸಿ ಜಗತ್ತಿಗೆ ತೋರಿಸಿತು!

ಯಾಕೆ ತೋರಿಸಿತು? ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಮಾತಾಡಬೇಕು. ಹೆದರಬೇಡಿ, ಸರಳವಾಗಿದೆ.

ಗಣಿಯಲ್ಲಿ ಕಬ್ಬಿಣ ಕಬ್ಬಿಣವಾಗಿ ಸಿಗೋದಿಲ್ಲ. ಆಮ್ಲಜನಕದ ಜೊತೆ ಬೆಸೆದುಕೊಂಡು, ಒಂದು ರೀತಿ ತುಕ್ಕಿನ ರೂಪದಲ್ಲೇ ಇರುತ್ತೆ. ನಮ್ಮ ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಆ ಕೆಂಪು ಇದೆ. ಆ ಆಮ್ಲಜನಕವನ್ನು ಕೀಳಬೇಕಾದರೆ ಇಂಗಾಲ ಬೇಕು, ಅಂದ್ರೆ ಕಲ್ಲಿದ್ದಲಿನಿಂದ ಮಾಡಿದ ಕೋಕ್. ಇಂಗಾಲ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಗೆ ಹೋಗುತ್ತೆ. ಈ ದಾರಿಯಲ್ಲಿ ಒಂದು ಟನ್ ಉಕ್ಕಿಗೆ 2 ಟನ್‌ಗೂ ಹೆಚ್ಚು ಹೊಗೆ. ಗುಜರಿಯ ಕಬ್ಬಿಣಕ್ಕೆ ಈ ಕೆಲಸ ಆಗಲೇ ಮುಗಿದಿದೆ. ಅದನ್ನು ಕರಗಿಸಿದರೆ ಸಾಕು. ಒಂದು ಟನ್ ಗುಜರಿ ಬಳಸಿದರೆ ಸುಮಾರು 1.4 ಟನ್ ಅದಿರು, 740 ಕಿಲೋ ಕಲ್ಲಿದ್ದಲು ಉಳಿಯುತ್ತೆ. ಕರಗಿಸುವ ಕುಲುಮೆಗೆ ಜಲವಿದ್ಯುತ್ತೋ ಸೌರವಿದ್ಯುತ್ತೋ ಸಿಕ್ಕರಂತೂ ಹೊಗೆ ಅರ್ಧ ಟನ್‌ಗೂ ಕೆಳಗೆ ಇಳಿಯುತ್ತೆ. ಇಂಥ ವಿದ್ಯುತ್ ಕುಲುಮೆಯಲ್ಲಿ ಉಕ್ಕು ತಯಾರಿಸಿ ತೋರಿಸಿದವನು ಪಾಲ್ ಎರೂ, 1900ರ ಹೊತ್ತಿಗೆ. ಅವನೂ ಫ್ರೆಂಚನೇ.

ಹಾಗಾದ್ರೆ ಹಳೇ ಕಬ್ಬಿಣಕ್ಕೆ ಜಗತ್ತು ಸದಾ ಹೀಗೇ ಮರ್ಯಾದೆ ಕೊಟ್ಟಿದೆಯಾ? ಇಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದವು. ತನಿಖೆಗೆ ಸಾಕ್ಷಿಯಾಗಬೇಕಿದ್ದ ಉಕ್ಕನ್ನು ಹೀಗೆ ಮಾರಬೇಡಿ ಅಂತ ಎಂಜಿನಿಯರುಗಳೂ ಸತ್ತವರ ಮನೆಯವರೂ ಕೂಗಿದರು. ಆದರೂ ಸಾವಿರಾರು ಟನ್ ಗುಜರಿಯಾಗಿ ಹಡಗು ಹತ್ತಿತು. ಒಂದಷ್ಟು ಚೀನಾಕ್ಕೆ, ಒಂದಷ್ಟು 2002ರ ಆರಂಭದಲ್ಲಿ ನಮ್ಮ ಚೆನ್ನೈ ಬಂದರಿಗೆ! ಅದೇ ಉಕ್ಕಿನ ಏಳೂವರೆ ಟನ್ ಅಮೆರಿಕದ 'ಯುಎಸ್‌ಎಸ್ ನ್ಯೂಯಾರ್ಕ್' ಯುದ್ಧನೌಕೆಯ ಮೂತಿಗೆ ಸೇರಿ ಸ್ಮಾರಕವಾಯಿತು. ಉಳಿದದ್ದರಲ್ಲಿ ಬಹುಪಾಲು ಕುಲುಮೆಯಲ್ಲಿ ಕರಗಿ ಹೆಸರಿಲ್ಲದ ಉಕ್ಕಾಯಿತು. ಅದರ ಒಂದು ಚೂರು ಯಾರ ಮನೆಯ ತಾರಸಿಯೊಳಗೆ ಇದೆಯೋ ಯಾರಿಗೆ ಗೊತ್ತು? ಕುಲುಮೆಗೆ ನೆನಪು ಅನ್ನೋದು ಇಲ್ಲ ನೋಡಿ.

ಈಗ ಮನೆಯ ವಿಷಯಕ್ಕೆ ಬರೋಣ. ಕಲ್ಲಿದ್ದಲಿಲ್ಲದೆ ಕಬ್ಬಿಣ ಅನ್ನೋದು ಇವತ್ತು ಯುರೋಪಿನ ಘೋಷಣೆ. ನಮ್ಮ ಭದ್ರಾವತಿಗೆ ಅದು ನೂರು ವರ್ಷದ ಹಿಂದಿನ ಅನಿವಾರ್ಯ. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಬಂಗಾಳ, ಬಿಹಾರದಿಂದ ತರಿಸೋಕೆ ಹೋದರೆ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ 1923ರ ಜನವರಿಯಲ್ಲಿ ಹೊತ್ತಿಕೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆಗೆ ಹಾಕಿದ್ದು ಮಲೆನಾಡಿನ ಮರ ಸುಟ್ಟ ಇದ್ದಿಲು. ಸುಡುವಾಗ ಬರುವ ಆವಿಯನ್ನೂ ವ್ಯರ್ಥ ಮಾಡದೆ ರಾಸಾಯನಿಕಗಳನ್ನು ಇಳಿಸಿಕೊಳ್ಳುವ ಘಟಕ ಕಟ್ಟಿದ್ದರು. ನಷ್ಟದ ಕೂಸು ಅಂತ ಜನ ಆಡಿಕೊಳ್ಳುತ್ತಿದ್ದಾಗ ಅದರ ಹೊಣೆ ಹೊತ್ತು ದಡ ಮುಟ್ಟಿಸಿದವರು ಸರ್ ಎಂ. ವಿಶ್ವೇಶ್ವರಯ್ಯ.

ಹಾಗಂತ ಅದನ್ನು ಹಸಿರು ಉಕ್ಕು ಅಂತ ಕರೆಯೋಕಾಗಲ್ಲ. ಕಲ್ಲಿದ್ದಲು ಉಳಿಯಿತು, ಕಾಡು ಬೆಂದಿತು. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1948ರಲ್ಲಿ ಜೋಗದ ನೀರಿನಿಂದ ವಿದ್ಯುತ್ ಹರಿಯಲು ಶುರುವಾಯಿತು. 1952ರಲ್ಲಿ ಭದ್ರಾವತಿಗೆ ಬೀಡುಕಬ್ಬಿಣದ ವಿದ್ಯುತ್ ಕುಲುಮೆಗಳು ಬಂದವು. ಶರಾವತಿಯ ಕರೆಂಟಿನಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಕರಗಿತು! ಹವಾಮಾನ ಬದಲಾವಣೆ ಅನ್ನೋ ಪದವೇ ಜನರ ಬಾಯಲ್ಲಿ ಇರದ ಕಾಲದಲ್ಲಿ ನಮ್ಮವರು ಆ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿದ್ದರು. ಅದೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಸೈಲ್ ಪ್ರಕಟಿಸಿದ್ದು 2023ರ ಜನವರಿಯಲ್ಲಿ. ಸರಿಯಾಗಿ ನೂರು ತುಂಬಿದ ತಿಂಗಳು! ಆಮೇಲೆ ಪುನಶ್ಚೇತನದ ಭರವಸೆಗಳು ಕೇಳಿಬಂದಿವೆ. ಭರವಸೆಯಿಂದ ಕುಲುಮೆ ಉರಿಯೋದಿಲ್ಲ.

ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಒಂದು ಭವ್ಯ ಕಟ್ಟಡಕ್ಕೆ ಮರುಬಳಕೆಯ ಉಕ್ಕು ಹಾಕಿ ಫಲಕ ಬರೆಸಿದ ಮಾತ್ರಕ್ಕೆ ಭೂಮಿ ತಂಪಾಗಲ್ಲ. ಜಗತ್ತಿನಲ್ಲಿ ಗುಜರಿ ಸಿಗುವುದೇ ಇಷ್ಟು ಅಂತ ಲೆಕ್ಕವಿದೆ, ಬೇಡಿಕೆ ಅದಕ್ಕಿಂತ ಬಹಳ ದೊಡ್ಡದು. ಐಫೆಲ್‌ನ ಉಂಗುರಕ್ಕೆ ಹೋದ ಗುಜರಿ ಬೇರೆ ಯಾವುದೋ ಸೇತುವೆಗೆ ಹೋಗಬೇಕಿದ್ದದ್ದೇ. ಅದರಲ್ಲೂ ನಮ್ಮಂಥ ದೇಶದ ಪಾಡು ನೋಡಿ. ನಾವು ತಲಾ ಬಳಸುವ ಉಕ್ಕು ವರ್ಷಕ್ಕೆ ಸುಮಾರು 100 ಕಿಲೋ. ಜಗತ್ತಿನ ಸರಾಸರಿ ಅದರ ಎರಡು ಪಟ್ಟು. ನಾವಿನ್ನೂ ಕಟ್ಟುತ್ತಾ ಇರುವವರು. ಇವತ್ತು ಮೆಟ್ರೋ ಕಂಬದೊಳಗೆ ಹೋದ ಕಬ್ಬಿಣ ಗುಜರಿಗೆ ಬರೋದು ನಮ್ಮ ಮೊಮ್ಮಕ್ಕಳ ಕಾಲಕ್ಕೆ. ಅಲ್ಲಿಯವರೆಗೆ ಅದಿರು, ಕಲ್ಲಿದ್ದಲು ಪೂರ್ತಿ ತಪ್ಪಿದ್ದಲ್ಲ.

ಹಾಗಾದ್ರೆ ಮಾಡಬೇಕಾದ್ದೇನು? ಕುಲುಮೆಗೆ ಹೋಗುವ ಕರೆಂಟು ಶುದ್ಧವಾಗಬೇಕು. ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ಗುಜರಿ ಕರಗಿಸಿದರೆ ಅರ್ಧ ಪುಣ್ಯವೇ. ಗುಜರಿಯನ್ನು ವಿಂಗಡಿಸಬೇಕು. ತಾಮ್ರ ಬೆರೆತರೆ ಉಕ್ಕಿನ ಗುಣ ಕೆಡುತ್ತೆ. ವಿಂಗಡಿಸುವ ಕೈಗಳಿಗೆ ಗ್ಲೌಸು, ಕೂಲಿ, ಮರ್ಯಾದೆ ಸಿಗಬೇಕು. ಕೇಂದ್ರ ಸರ್ಕಾರ 2024ರ ಡಿಸೆಂಬರಿನಲ್ಲಿ ಹಸಿರು ಉಕ್ಕಿಗೆ ವ್ಯಾಖ್ಯೆ ಕೊಟ್ಟಿದೆ: ಟನ್ನಿಗೆ 2.2 ಟನ್‌ಗಿಂತ ಕಡಿಮೆ ಹೊಗೆ ಇದ್ದರೆ ನಕ್ಷತ್ರದ ದರ್ಜೆ, 1.6ಕ್ಕಿಂತ ಕೆಳಗಿದ್ದರೆ ಐದು ನಕ್ಷತ್ರ. ಒಳ್ಳೆಯದೇ. ಆದರೆ ಈ ದೇಶದಲ್ಲಿ ಉಕ್ಕಿನ ದೊಡ್ಡ ಗಿರಾಕಿ ಯಾರು? ಸೇತುವೆ, ರೈಲು, ಮೆಟ್ರೋ ಕಟ್ಟಿಸುವ ಸರ್ಕಾರವೇ ಅಲ್ಲವೇ? ಟೆಂಡರಿನಲ್ಲಿ ದರದ ಪಕ್ಕ ಹೊಗೆಯ ಲೆಕ್ಕವನ್ನೂ ಕೇಳಿದ ದಿನ ಮಾತ್ರ ಆ ನಕ್ಷತ್ರಗಳಿಗೆ ಬೆಲೆ.

ಆ ದಿನ ಬಂದರೆ ಭದ್ರಾವತಿಗೂ ಒಂದು ದಾರಿ ತೆರೆಯಬಹುದು. ಅಲ್ಲಿ ಉಕ್ಕಿನ ಕೆಲಸ ಬಲ್ಲ ಮನೆತನಗಳಿವೆ, ಹತ್ತಿರದಲ್ಲೇ ಶರಾವತಿ ಇದ್ದಾಳೆ. ಪ್ಯಾರಿಸ್‌ನವರು ಗೋಪುರವನ್ನು 1909ರಲ್ಲಿ ಬಿಚ್ಚಲಿಲ್ಲ, ಯಾಕಂದ್ರೆ ಅದಕ್ಕೊಂದು ಹೊಸ ಕೆಲಸ ಹುಡುಕಿದರು. ನಮ್ಮ ಹಳೇ ಕಾರ್ಖಾನೆಗೆ ಹೊಸ ಕೆಲಸ ಹುಡುಕುವ ಮೊದಲೇ ಅದನ್ನು ಗುಜರಿಗೆ ಹಾಕಿದರೆ, ಈ ಸಲ ಮೋಸಹೋಗುವವರು ನಾವೇ.